ಬೆಂಕಿಪುರದ ಗರಗಸ

ಶಿವಮೊಗ್ಗದ ಆ ಡ್ರಾಯಿಂಗ್ ಮೇಷ್ಟ್ರಿಗೆ ನಿವೃತ್ತಿಯಾದ ಮೇಲೆ ಮರ ಕಡೆಯುವ ಹುಚ್ಚು ಹಿಡಿಯಿತು. ಮೊಸರು ಕಡೆಯುವುದಕ್ಕೂ ಮರ ಕಡೆಯುವುದಕ್ಕೂ ಕನ್ನಡದಲ್ಲಿ ಒಂದೇ ಮಾತು. ಮೊದಲನೆಯದರಲ್ಲಿ ಬೆಣ್ಣೆಯಾದರೂ ಬರುತ್ತದಲ್ಲ ಎಂಬುದು ಮನೆಯವರ ತಕರಾರು.

ಚನ್ನಪಟ್ಟಣದವರ ಹಾಗೆ ಹಾಲೆಮರದ ಸಣ್ಣ ಆಟಿಕೆ ಕಡೆದಿದ್ದರೆ ಕೈಗರಗಸವೇ ಸಾಕಿತ್ತು. ಮೇಷ್ಟ್ರಿಗೆ ಹಲಸಿನ ದೊಡ್ಡ ಬಟ್ಟಲು ಬೇಕು. ಚೌಕ ತುಂಡನ್ನು ಹಾಗೇ ಲೇತಿಗೆ ಕಟ್ಟಿ ತಿರುಗಿಸಿದರೆ ನಾಲ್ಕು ಮೂಲೆಯೂ ಸರದಿಯ ಮೇಲೆ ಉಳಿಗೆ ಬಡಿಯುತ್ತವೆ, ಮೊಣಕೈವರೆಗೆ ಜುಂ ಅನ್ನುತ್ತದೆ. ಮೊದಲೇ ದುಂಡಗೆ ಕೊಯ್ದುಕೊಳ್ಳಬೇಕು. ಸಾಮಿಲ್ಲಿಗೆ ಹೋದರೆ, ಲಾರಿಗಟ್ಟಲೆ ನಾಟಾ ಕೊಯ್ಯುವವರು ಇವರ ಚೀಲದೊಳಗಿನ ತುಂಡು ನೋಡಿ ನಕ್ಕರು. ಸರಿ, ಸ್ವಂತಕ್ಕೊಂದು ಬ್ಯಾಂಡ್‌ಸಾ, ಎರಡು ಗಾಲಿಯ ಮೇಲೆ ಬಳೆಯ ಹಾಗೆ ಸುತ್ತುವ ಪಟ್ಟಿ ಗರಗಸ. ಹೊಸದರ ಬೆಲೆ ಕೇಳಿದ ಮೇಲೆ, ಹಳೆಯದೇ ಆಗಲಿ.

ಕಾಡು ಉಳಿಸುವ ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಂದಿನಿಂದ ಸಾಮಿಲ್ಲುಗಳ ಮೇಲೆ ಸರ್ಕಾರದ ಕಣ್ಣು ಬಿಗಿಯಾಗಿದೆ. ಮಲೆನಾಡಿನಲ್ಲಿ ಮರ ಕೊಯ್ಯುವ ಯಂತ್ರ ಅಂದರೆ ಯಾರಾದರೂ ಕಿವಿ ನಿಮಿರಿಸುತ್ತಾರೆ. ಮೇಷ್ಟ್ರು ಶಿಸ್ತಿನವರು, ದುಡ್ಡು ಎಣಿಸುವ ಮೊದಲು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಕೇಳಿಕೊಂಡೇ ಬಂದರು.

ಆಮೇಲೆ ಭದ್ರಾವತಿ. ಬೆಂಗಳೂರು–ಹೊನ್ನಾವರ ರಸ್ತೆ ಅನ್ನುವುದನ್ನು ಎರಡೂ ಊರಿನವರು ಬಿ.ಎಚ್. ರೋಡು ಎಂದು ಮುಗಿಸುತ್ತಾರೆ. ಮಾಚೇನಹಳ್ಳಿಯ ಕಾರ್ಖಾನೆಗಳನ್ನು ದಾಟಿದರೆ ಊರು ಬಂದಂತೆಯೇ. ಹಿಂದೆ ಇದಕ್ಕೆ ಬೆಂಕಿಪುರ ಎಂಬ ಹೆಸರಿತ್ತು. ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರುಮಾಡಿದಾಗ ಆ ಹೆಸರಿಗೊಂದು ಅರ್ಥವೂ ಬಂತು. ಅದಿರು ಕೆಮ್ಮಣ್ಣುಗುಂಡಿಯದು, ಕುಲುಮೆಗೆ ಕಲ್ಲಿದ್ದಲಿಲ್ಲ, ಸುತ್ತಲಿನ ಕಾಡಿನ ಸೌದೆಯ ಇದ್ದಿಲು. ಮರವನ್ನು ಭಟ್ಟಿ ಇಳಿಸಿ ಟಾರನ್ನೂ ತೆಗೆಯುತ್ತಿದ್ದರು. ಮರ ತಿಂದು ಕಬ್ಬಿಣ ಕಾರಿದ ಊರಿಗೇ ಮರ ಕೊಯ್ಯುವ ಕಬ್ಬಿಣ ಹುಡುಕಿಕೊಂಡು ಮೇಷ್ಟ್ರು ಬಂದಿದ್ದರು. ಜೊತೆಗೆ ಅದೇ ಊರಿನ ಒಬ್ಬ ಹಳೇ ಸ್ನೇಹಿತ, ಫೌಂಡ್ರಿಯಲ್ಲಿ ಅಚ್ಚು ಹಾಕಿ ಹಾಕಿ ಕೈ ಕಪ್ಪಾಗಿಸಿಕೊಂಡವರು.

ಗುಜರಿ ಅಂಗಡಿಯ ಹಿಂದೆ, ಬೋರ್‌ವೆಲ್ ಪೈಪುಗಳ ನಡುವೆ ಯಂತ್ರ ನಿಂತಿತ್ತು. ಹದಿನೆಂಟು ಇಂಚಿನ ಎರಡು ಗಾಲಿ, ಬೀಡು ಕಬ್ಬಿಣದ ಮೈ, ಟೇಬಲ್ ಮೇಲೆ ಕೋಳಿ ಕೂತ ಗುರುತು. ಅಂಗಡಿಯವನು ಮೋಟಾರಿಗೆ ಹೊಸದಾಗಿ ಹಚ್ಚಿದ ಹಸಿರು ಬಣ್ಣ ತೋರಿಸಿದ.

“ಬಣ್ಣ ಬಿಡಪ್ಪ, ಬೆಲ್ಟ್ ಕಳಚು,” ಅಂದರು ಸ್ನೇಹಿತರು.

ಜೇಬಿನಿಂದ ಸಣ್ಣ ಸ್ಪ್ಯಾನರ್ ತೆಗೆದು, ಸಂತೆಯಲ್ಲಿ ಮಡಕೆ ಬಡಿದು ನೋಡುವ ಹಾಗೆ ಮೇಲಿನ ಗಾಲಿಯ ಒಂದೊಂದೇ ಕಡ್ಡಿಗೆ ತಟ್ಟಿದರು. ಠಣ್, ಠಣ್. ಎಲ್ಲೂ ದಪ್ ಅನ್ನಲಿಲ್ಲ. ದಪ್ ಅಂದರೆ ಬಿರುಕು. ಬಿರುಕು ಬಿಟ್ಟ ಬೀಡಿನ ಗಾಲಿ ವೇಗದಲ್ಲಿ ಸಿಡಿದರೆ ಬಟ್ಟಲು ಕಡೆಯುವವನೇ ಉಳಿಯುವುದಿಲ್ಲ. ಕೆಳಗಿನ ಗಾಲಿಯನ್ನು ಕೈಯಲ್ಲಿ ಹಿಡಿದು ಅಲುಗಿಸಿದರು: ಬೇರಿಂಗಿನಲ್ಲಿ ಕೂದಲೆಳೆಯಷ್ಟು ಪ್ಲೇ. ಗಾಲಿಯ ಮೇಲಿನ ರಬ್ಬರು ಒಣಗಿದ ಹಪ್ಪಳ. ಇವೆರಡೂ ಬದಲಾಯಿಸುವ ಸಾಮಾನು, ಚಿಂತೆಯಿಲ್ಲ. ತುಕ್ಕಿಗೆ ಸೀಮೆಎಣ್ಣೆ, ಎಮರಿ ಕಾಗದ ಇದ್ದೇ ಇದೆ.

ಬ್ಲೇಡು ಇರಲಿಲ್ಲ. ಎರಡು ಗಾಲಿಯ ನಡುಬಿಂದುಗಳ ಅಂತರ 38 ಇಂಚು. ಅದರ ಎರಡರಷ್ಟಕ್ಕೆ ಒಂದು ಗಾಲಿಯ ಸುತ್ತಳತೆ ಕೂಡಿಸಿ, 11 ಅಡಿ ಅರ್ಧ ಇಂಚು ಎಂದು ಮೇಷ್ಟ್ರು ಸಿಗರೇಟ್ ಪ್ಯಾಕಿನ ಬೆನ್ನಿಗೆ ಬರೆದರು. ಸೆಣಬಿನ ದಾರ ಸುತ್ತಿ ನೋಡಿದರೂ ಅಷ್ಟೇ ಬಂತು. ಮೇಷ್ಟ್ರ ಮುಖ ಅರಳಿತು. ಈ ಬ್ಲೇಡಿನ ಗುಟ್ಟು ಇರುವುದು ಬೆಸುಗೆಯಲ್ಲಿ. ವಿಲಿಯಂ ನ್ಯೂಬೆರಿ ಎಂಬ ಇಂಗ್ಲಿಷಿನವನು 1808ರಲ್ಲೇ ಬ್ಯಾಂಡ್‌ಸಾಗೆ ಪೇಟೆಂಟ್ ತೆಗೆದುಕೊಂಡಿದ್ದ, ಆದರೆ ತುದಿಗೆ ತುದಿ ಸೇರಿಸಿದ ಜಾಗ ಬಾಗಿ ಬಾಗಿ ತುಂಡಾಗುತ್ತಿತ್ತು. 1846ರಲ್ಲಿ ಫ್ರಾನ್ಸಿನ ಕ್ರೆಪಾಂ ಎಂಬ ಹೆಣ್ಣುಮಗಳು ಬೆಸೆಯುವ ಉಪಾಯ ಕಂಡುಕೊಂಡ ಮೇಲೆಯೇ ಯಂತ್ರ ಕೆಲಸಕ್ಕೆ ಬಂದದ್ದು.

ಚೌಕಾಸಿಯಲ್ಲಿ ಅಂಗಡಿಯವನದು ಯಂತ್ರದ ಲೆಕ್ಕ, ಸ್ನೇಹಿತರದು ಕೆಜಿ ಲೆಕ್ಕ.

“ಇದು ಮಷಿನ್ ಸಾರ್, ಗುಜರಿ ಅಲ್ಲ.”

“ಹಂಗಾದ್ರೆ ಓಡಿಸಿ ತೋರಿಸು.”

ಮೋಟಾರು ತ್ರೀ ಫೇಸಿನದು, ಅಂಗಡಿಗೆ ಬರುವ ಕರೆಂಟು ಸಿಂಗಲ್. ಅಲ್ಲಿಗೆ ಮಾತು ಮುಗಿದು, ದರ ಎರಡು ಲೆಕ್ಕದ ಮಧ್ಯೆ ಎಲ್ಲೋ ನಿಂತಿತು. ಮೋಟಾರನ್ನು ಅಂಗಡಿಯಲ್ಲೇ ಬಿಟ್ಟು, ಉಳಿದದ್ದನ್ನು ಗೂಡ್ಸ್ ಆಟೋಗೆ ಏರಿಸಿದರು.

ತಿಂಗಳು ಕಳೆದು, ಎರಡು ಎಚ್.ಪಿ. ಸಿಂಗಲ್ ಫೇಸ್ ಮೋಟಾರು, ಹೊಸ ರಬ್ಬರು, ಅರ್ಧ ಇಂಚು ಅಗಲದ ದೊಡ್ಡ ಹಲ್ಲಿನ ಬ್ಲೇಡು ಎಲ್ಲ ಕೂಡಿಬಂದವು. ಹಸಿ ಮರಕ್ಕೆ ಸಣ್ಣ ಹಲ್ಲು ಆಗದು, ಹೊಟ್ಟು ಸಿಕ್ಕಿಕೊಂಡು ಬಿಸಿಯಾಗುತ್ತದೆ. ಮಳೆಗೆ ಬಿದ್ದ ಯಾರದೋ ಹಿತ್ತಲಿನ ಹಲಸಿನ ತುಂಡು ಟೇಬಲ್ ಮೇಲೆ ಕೂತಿತು. ಹಳದಿ ಹೊಟ್ಟು ಹಾರಿತು, ಅಂಟು ಬ್ಲೇಡಿಗೆ ಮೆತ್ತಿತು, ಅರ್ಧ ದುಂಡಾಗುವಷ್ಟರಲ್ಲಿ ಕರ್ರ್ ಎಂದು ಕಿಡಿ ಎದ್ದಿತು. ಸ್ವಿಚ್ಚು ಆರಿಸಿ ನೋಡಿದರೆ ತೊಗಟೆಯಿಂದ ಎರಡು ಬೆರಳು ಒಳಗೆ ಮೊಳೆ; ಯಾರೋ ಯಾವ ಕಾಲಕ್ಕೋ ಬಟ್ಟೆ ಒಣಹಾಕಲು ತಂತಿ ಕಟ್ಟಿದ್ದಿರಬೇಕು. ಬ್ಲೇಡಿನ ಹಲ್ಲು ಸಾಲಾಗಿ ಉದುರಿತ್ತು.

ಸ್ನೇಹಿತರು ಮೊಳೆ ಕಿತ್ತು, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

“ಗಟ್ಟಿ ಐತೆ. ನಮ್ಮೂರಿಂದೇ ಇರ್ಬೇಕು, ಮೇಷ್ಟ್ರೇ.”