ಎಣಿಸೋ ಗೊಂಬೆಗಳು ಮತ್ತು ನಮ್ಮ ಲೆಕ್ಕ

ಮಕ್ಕಳಿಗೆ ಒಂದು, ಎರಡು, ಮೂರು ಕಲಿಸೋ ಹಾಡಿನಲ್ಲಿ ಎಂಥಾ ರಾಜಕೀಯ ಇರುತ್ತೆ ಅಂತ ಕೇಳುವ ಗೆಳೆಯರಿಗೆ ಈ ಪೋಸ್ಟ್. ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಅಮೆರಿಕದಲ್ಲಿ 1975ರಲ್ಲಿ 'ದಿ ಕೌಂಟ್ ಕೌಂಟ್ಸ್' ಅಂತ ಒಂದು ಎಲ್‌ಪಿ ರೆಕಾರ್ಡ್ ಬಂತು. ಎಣಿಕೆಯ ಹಾಡುಗಳದ್ದೇ ಆಲ್ಬಂ. ಹಾಡೋ ಪಾತ್ರಗಳೆಲ್ಲ 'ಸೆಸಮಿ ಸ್ಟ್ರೀಟ್' ಅನ್ನೋ ಮಕ್ಕಳ ಟೀವಿ ಕಾರ್ಯಕ್ರಮದ ಗೊಂಬೆಗಳು. ಇದರ ನಾಯಕ ಕೌಂಟ್ ವಾನ್ ಕೌಂಟ್. ಇಂಗ್ಲಿಷಿನಲ್ಲಿ ಕೌಂಟ್ ಅಂದ್ರೆ ಎಣಿಸು. ಯುರೋಪಿನ ಜಮೀನ್ದಾರ ದೊರೆಗಳ ಬಿರುದು ಕೂಡ ಅದೇ. ಈ ಗೊಂಬೆಗೆ ಹಳೇ ಡ್ರಾಕುಲಾ ಸಿನಿಮಾದ ವೇಷ ಹಾಕಿದ್ದಾರೆ. ಕೋರೆಹಲ್ಲು, ಒಂಟಿ ಕಣ್ಣಿಗೆ ಕನ್ನಡಕ, ಬೆನ್ನ ಮೇಲೆ ನಿಲುವಂಗಿ, ಇರೋದು ಬಾವಲಿ ತುಂಬಿದ ಕೋಟೆಯಲ್ಲಿ. ಆದರೆ ರಕ್ತ ಕುಡಿಯಲ್ಲ. ಕಂಡಿದ್ದನ್ನೆಲ್ಲ ಎಣಿಸ್ತಾನೆ. ಎಣಿಸಿ ಮುಗಿಸಿದಾಗ ಗಹಗಹಿಸಿ ನಗ್ತಾನೆ, ಗುಡುಗು ಮಿಂಚು ಬರುತ್ತೆ. 1972ರಲ್ಲಿ ಹುಟ್ಟಿದ ಈ ಪಾತ್ರಕ್ಕೆ ದಶಕಗಳ ಕಾಲ ದನಿ ಕೊಟ್ಟವರು ಜೆರ್ರಿ ನೆಲ್ಸನ್.

ಮೊದಮೊದಲು ಈ ಕೌಂಟ್‌ಗೆ ಇನ್ನೊಂದು ಶಕ್ತಿಯೂ ಇತ್ತು. ಎಣಿಸುವಾಗ ಯಾರಾದ್ರೂ ಅಡ್ಡ ಬಂದ್ರೆ ಕೈ ಬೀಸಿ ಅವರನ್ನ ನಿಂತಲ್ಲೇ ಕಲ್ಲಾಗಿಸ್ತಿದ್ದ. ಆಮೇಲೆ ಅದನ್ನ ತೆಗೆದು ಅವನನ್ನ ಮೆತ್ತಗೆ ಮಾಡಿದ್ರು. ಮಕ್ಕಳಿಗೆ ಅವನೆಂದರೆ ಪ್ರೀತಿ. ನನಗೂ ನಗು ಬರುತ್ತೆ. ಆದ್ರೆ ಜಮೀನ್ದಾರ, ಎಣಿಕೆ, ಎದುರಿಗೆ ಬಾಯಿಬಿಡಲಾಗದೆ ನಿಂತ ಜನ, ಈ ಮೂರೂ ಒಂದೇ ಚೌಕಟ್ಟಿನಲ್ಲಿ ಬಂದಾಗ ನನಗೆ ನೆನಪಾಗೋದು ನಮ್ಮೂರಿನ ಒಂದು ಜಗಲಿ.

ನಮ್ಮಪ್ಪ ಹತ್ತನೇ ವಯಸ್ಸಿಗೆ ಜೀತಕ್ಕೆ ಹೋದವರು. ಅಜ್ಜಿಯ ಕಾಯಿಲೆಗೆ ಅಂತ ತಾತ ಸಾಲ ತಂದಿದ್ದು 150 ರೂಪಾಯಿ. ಯುಗಾದಿಯಿಂದ ಯುಗಾದಿಗೆ ಒಂದು ವರ್ಷ. ಪ್ರತಿ ಯುಗಾದಿಗೂ ಅಪ್ಪ ಜಗಲಿ ಕೆಳಗೆ ನಿಲ್ಲಬೇಕು, ಗೌಡ್ರು ಮೇಲೆ ಕೂತು ಪುಸ್ತಕ ಓದೋರು. ವರ್ಷವೆಲ್ಲ ಗೇದರೂ ಸಾಲ ಹೋದ ವರ್ಷಕ್ಕಿಂತ ಜಾಸ್ತಿಯೇ ಆಗಿರ್ತಿತ್ತು. ಸತ್ತ ಕರು, ಮುರಿದ ನೇಗಿಲು, ಹಬ್ಬಕ್ಕೆ ಕೊಟ್ಟ ಪಂಚೆ ಎಲ್ಲ ಅದರಲ್ಲಿ ಸೇರಿರ್ತಿತ್ತು. ಅಪ್ಪ ಹಟ್ಟಿಯಲ್ಲಿ ಒಂದು ಮಡಕೆ ಇಟ್ಟು ಯುಗಾದಿಗೊಂದು ಕಲ್ಲು ಹಾಕ್ತಾ ಬಂದ್ರು. 11 ಕಲ್ಲಾದವು. "ವರ್ಷನ ನಾನೂ ಎಣಿಸ್ತಿದ್ದೆ ಕಣ್ಮಗ, ದುಡ್ನ ಮಾತ್ರ ಅವ್ರೇ ಎಣಿಸೋರು" ಅಂತಿದ್ರು.

ಆ ರೆಕಾರ್ಡ್ ಬಂದ 1975ರಲ್ಲೇ, ಅಕ್ಟೋಬರಿನಲ್ಲಿ, ಇಲ್ಲಿ ಜೀತ ರದ್ದು ಮಾಡೋ ಸುಗ್ರೀವಾಜ್ಞೆ ಬಂತು. 1976ರಲ್ಲಿ ಅದು ಕಾಯ್ದೆ ಆಯ್ತು. ಕಾಯ್ದೆ ನಮ್ಮೂರಿಗೆ ತಾನಾಗಿ ನಡ್ಕೊಂಡು ಬರಲಿಲ್ಲ. ಪಿಯುಸಿ ಓದಿದ್ದ ನಮ್ಮ ಕೇರಿ ಹುಡುಗನೊಬ್ಬ ಜಗಲಿ ಮುಂದೆ ಹೋಗಿ, "ಗೌಡ್ರೇ, ಪುಸ್ತಕ ಕೊಡಿ, ನಾನೂ ಒಂದ್ಸಲ ಕೂಡಿ ನೋಡ್ತೀನಿ" ಅಂದ. ಪುಸ್ತಕ ಒಳಗಿನಿಂದ ಹೊರಗೆ ಬರಲೇ ಇಲ್ಲ. ಮಾರನೇ ಯುಗಾದಿಗೆ ಅಪ್ಪ ಆ ಜಗಲಿಗೆ ಹೋಗಲಿಲ್ಲ.

ಕೂಡೋದು ಗೊತ್ತಿದ್ದ ಒಬ್ಬ ಹುಡುಗ ಸಾಕಾಯ್ತು. ಎಣಿಕೆ ಹಾಡನ್ನ ನಾನು ಆಟ ಅಂತ ಮಾತ್ರ ನೋಡೋಕೆ ಆಗದೇ ಇರೋದು ಇದಕ್ಕೇ.

ಸೆಸಮಿ ಸ್ಟ್ರೀಟ್ ಶುರು ಮಾಡಿದವರಿಗೂ ಇದು ಬರೀ ಆಟ ಆಗಿರಲಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿದ್ದು 1968ರಲ್ಲಿ. ಕಾರ್ಯಕ್ರಮದ ಮೊದಲ ಕಂತು ಬಂದಿದ್ದು 1969ರ ನವೆಂಬರ್ 10ಕ್ಕೆ. ಜೋನ್ ಗಾಂಜ್ ಕೂನಿ ಮತ್ತು ಲಾಯ್ಡ್ ಮಾರಿಸೆಟ್ ಕೇಳಿಕೊಂಡ ಪ್ರಶ್ನೆ ಸರಳ: ಉಳ್ಳವರ ಮಕ್ಕಳು ಶಾಲೆ ಮೆಟ್ಟಿಲು ಹತ್ತೋ ಮುಂಚೆಯೇ ಅಕ್ಷರ, ಅಂಕಿ ಕಲಿತು ಬರ್ತಾರೆ. ಬಡವರ ಮಕ್ಕಳು, ಅದರಲ್ಲೂ ಕಪ್ಪು ಮಕ್ಕಳು, ಮೊದಲ ದಿನವೇ ಹಿಂದೆ ಬೀಳ್ತಾರೆ. ಆದರೆ ಟೀವಿ ಬಡವರ ಮನೆಗೂ ಬಂದಿದೆ. ಹಾಗಾದ್ರೆ ಟೀವಿ ಮೂಲಕವೇ ಕಲಿಸಬಹುದಲ್ಲ? ಅದಕ್ಕೇ ಆ ಕಾರ್ಯಕ್ರಮದ ರಂಗ ಅರಮನೆಯಾಗಲಿಲ್ಲ, ಕಾಡೂ ಆಗಲಿಲ್ಲ. ನ್ಯೂಯಾರ್ಕಿನ ಬಡವರ ಬೀದಿ ಆಯ್ತು. ಮೆಟ್ಟಿಲ ಮೇಲೆ ಕೂತು ಮಾತಾಡೋ ಜನ, ಪಕ್ಕದಲ್ಲೇ ಕಸದ ಡಬ್ಬ. ಆ ಬೀದಿಯ ಮುಖ್ಯ ದಂಪತಿ ಗಾರ್ಡನ್ ಮತ್ತು ಸೂಸನ್ ಇಬ್ಬರೂ ಕಪ್ಪು ಜನ. ನಟಿಸಿದವರು ಮ್ಯಾಟ್ ರಾಬಿನ್ಸನ್ ಮತ್ತು ಲೊರೆಟ್ಟಾ ಲಾಂಗ್. ಸಲಹೆಗಾರರಲ್ಲಿ ಒಬ್ಬರು ಹಾರ್ವರ್ಡ್‌ನ ಕಪ್ಪು ಮನೋವೈದ್ಯ ಚೆಸ್ಟರ್ ಪಿಯರ್ಸ್. ದಿನನಿತ್ಯದ ಸಣ್ಣಸಣ್ಣ ಅವಮಾನಗಳಿಗೆ 'ಮೈಕ್ರೋಅಗ್ರೆಶನ್' ಅನ್ನೋ ಹೆಸರು ಕೊಟ್ಟವರು ಇವರೇ. ಬೇರೆ ಲೋಟ, ಬೇರೆ ತಟ್ಟೆ ನೋಡಿದ ನಮಗೆ ಆ ಪದದ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇಷ್ಟಕ್ಕೇ ಮಿಸಿಸಿಪ್ಪಿ ರಾಜ್ಯಕ್ಕೆ ಉರಿ ಹತ್ತಿತು. 1970ರ ಮೇ ತಿಂಗಳಲ್ಲಿ ಅಲ್ಲಿನ ಶೈಕ್ಷಣಿಕ ಟೀವಿ ಆಯೋಗ ಈ ಕಾರ್ಯಕ್ರಮ ಬೇಡ ಅಂತ ತೀರ್ಮಾನಿಸಿತು. ಬಿಳಿ, ಕಪ್ಪು ಜನ ಒಂದೇ ಬೀದಿಯಲ್ಲಿ ಬೆರೆತು ಬದುಕೋದನ್ನ ಮಕ್ಕಳಿಗೆ ತೋರಿಸೋಕೆ ರಾಜ್ಯ ಇನ್ನೂ ತಯಾರಿಲ್ಲವಂತೆ. ಸುದ್ದಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂತು, ಗಲಾಟೆ ಆಯ್ತು. ಮೂರು ವಾರ ಕಳೆಯೋದ್ರಲ್ಲಿ ಆಯೋಗ ಮಾತು ನುಂಗಿಕೊಂಡಿತು. ಎಣಿಕೆ ಕಲಿಸೋ ಗೊಂಬೆಗಳಿಗೆ ಹೆದರಿದ ಸರ್ಕಾರ ಅದು!

ಹೆದರಿದ್ದಕ್ಕೆ ಕಾರಣ ಇತ್ತು. ಆ ದೇಶದಲ್ಲಿ ಲೆಕ್ಕ ಅನ್ನೋದು ಮೊದಲಿನಿಂದಲೂ ಆಯುಧ. 1787ರ ಅಮೆರಿಕನ್ ಸಂವಿಧಾನದಲ್ಲಿ ಪ್ರತಿನಿಧಿಗಳ ಸಂಖ್ಯೆ ನಿರ್ಧರಿಸುವಾಗ ಐದು ಮಂದಿ ಗುಲಾಮರನ್ನ ಮೂರು ಮಂದಿ ಅಂತ ಲೆಕ್ಕ ಹಿಡಿದ್ರು. ಮನುಷ್ಯನನ್ನ ಭಿನ್ನರಾಶಿ ಮಾಡಿದ ಲೆಕ್ಕ. 1865ರಲ್ಲಿ ಗುಲಾಮಗಿರಿ ಹೋಯ್ತು, ಪಾಲಿಗೆ ಉಳುವ ಪದ್ಧತಿ ಬಂತು. ಹತ್ತಿ ಬೆಳೆಯೋರು ಕಪ್ಪು ಜನ, ಭೂಮಿ ಬಿಳಿಯನದು, ಬಿತ್ತನೆ ಬೀಜ ಮತ್ತು ದಿನಸಿ ಸಾಲದ ಪುಸ್ತಕವೂ ಬಿಳಿಯನದೇ. ವರ್ಷದ ಕೊನೆಗೆ ಲೆಕ್ಕ ಓದಿದಾಗ ಬೆಳೆದವನೇ ಸಾಲಗಾರ. ಎದುರು ಕೇಳಿದ್ರೆ ಜೀವ ಹೋಗಬಹುದಿತ್ತು. ಮಿಸಿಸಿಪ್ಪಿಯಲ್ಲೂ ಒಂದು ಜಗಲಿ ಇತ್ತು, ಅದರ ಕೆಳಗೂ ನಮ್ಮಂಥವರೇ ನಿಂತಿದ್ರು.

ಅದೇ ಮಿಸಿಸಿಪ್ಪಿಗೆ 1960ರ ದಶಕದ ಮೊದಲಲ್ಲಿ ನ್ಯೂಯಾರ್ಕಿನಿಂದ ಬಾಬ್ ಮೋಸೆಸ್ ಅನ್ನೋ ಗಣಿತದ ಮೇಷ್ಟ್ರು ಬಂದ್ರು. ಕಪ್ಪು ಜನರನ್ನ ಮತದಾರರ ಪಟ್ಟಿಗೆ ಸೇರಿಸೋ ಹೋರಾಟದಲ್ಲಿ ಏಟು ತಿಂದ್ರು, ಜೈಲಿಗೆ ಹೋದ್ರು. ಎಷ್ಟೋ ವರ್ಷ ಆದ ಮೇಲೆ, 1982ರಲ್ಲಿ, 'ಆಲ್ಜೀಬ್ರಾ ಪ್ರಾಜೆಕ್ಟ್' ಶುರು ಮಾಡಿದ್ರು. ಹಿಂದೆ ಮತದಾನದ ಹಕ್ಕು ಹೇಗೋ ಈಗ ಗಣಿತ ಹಾಗೆ, ಅದು ಬರದಿದ್ದವನು ಹೊಸ ಕಾಲದ ಪಾಲಿನಾಳು ಆಗ್ತಾನೆ ಅನ್ನೋದು ಅವರ ವಾದ. ಬಾಬಾಸಾಹೇಬರನ್ನ ಸಂವಿಧಾನದ ಪುಸ್ತಕ ಹಿಡಿದ ಪ್ರತಿಮೆಯಾಗಿ ಮಾತ್ರ ನೋಡೋ ನಾವು, ಅವರು ಅರ್ಥಶಾಸ್ತ್ರಜ್ಞ, 1923ರಲ್ಲೇ ರೂಪಾಯಿಯ ಸಮಸ್ಯೆ ಬಗ್ಗೆ ಪುಸ್ತಕ ಬರೆದವರು ಅನ್ನೋದನ್ನೂ ನೆನಪಿಟ್ಟುಕೊಳ್ಳೋದು ಒಳ್ಳೇದು.

ಈಗ ಇನ್ನೊಂದು ಆಲ್ಬಂ ಬಗ್ಗೆ ಹೇಳ್ತೀನಿ. ಕೌಂಟ್‌ಗಿಂತ ನಾಲ್ಕು ವರ್ಷ ಮೊದಲೇ, 1971ರಲ್ಲಿ ಬಂದಿದ್ದು: 'ದಿ ಇಯರ್ ಆಫ್ ರೂಸ್ವೆಲ್ಟ್ ಫ್ರಾಂಕ್ಲಿನ್'. ರೂಸ್ವೆಲ್ಟ್ ಫ್ರಾಂಕ್ಲಿನ್ ಒಬ್ಬ ಹುಡುಗ ಗೊಂಬೆ. ಗಾರ್ಡನ್ ಪಾತ್ರ ಮಾಡಿದ ಮ್ಯಾಟ್ ರಾಬಿನ್ಸನ್ ಅವರೇ ಇವನನ್ನ ಹುಟ್ಟಿಸಿ ದನಿ ಕೊಟ್ಟಿದ್ದು. ಗೊಂಬೆಯ ಬಣ್ಣ ನೇರಳೆ, ಆದ್ರೆ ಮಾತು, ಲಯ, ಗತ್ತು ಎಲ್ಲ ಕಪ್ಪು ಕೇರಿಯದು. ಈ ಆಲ್ಬಂನಲ್ಲಿ ಅವನು ಎಣಿಸ್ತಾನೆ, ವಾರಗಳನ್ನ ಹೇಳ್ತಾನೆ, ತನ್ನ ಚರ್ಮದ ಬಗ್ಗೆ ತಲೆ ಎತ್ತಿ ಹಾಡ್ತಾನೆ. ಕೌಂಟ್ ಕೋಟೆಯೊಳಗಿನ ದೊರೆ, ಒಬ್ಬನೇ ಎಣಿಸಿಕೊಂಡು ಒಬ್ಬನೇ ನಗ್ತಾನೆ. ರೂಸ್ವೆಲ್ಟ್ ಬೀದಿ ಹುಡುಗ, ಅವನ ಜೊತೆಗೆ ಗೆಳೆಯರಿದ್ದಾರೆ.

ಈ ಹುಡುಗ ಹೆಚ್ಚು ದಿನ ಉಳಿಯಲಿಲ್ಲ. ವಿರೋಧ ಬಂದಿದ್ದು ಬಿಳಿಯರಿಂದ ಅಲ್ಲ, ಕಪ್ಪು ತಂದೆತಾಯಿಗಳಿಂದಲೇ. ಅವನ ತರಗತಿಯಲ್ಲಿ ಬರೀ ಗದ್ದಲ, ನಮ್ಮ ಮಕ್ಕಳು ಅಂದ್ರೆ ಪುಂಡರು ಅನ್ನೋ ಹಾಗೆ ತೋರಿಸ್ತಿದ್ದಾರೆ, ನಮ್ಮ ಆಡುಮಾತನ್ನ ತಮಾಷೆ ಮಾಡ್ತಿದ್ದಾರೆ ಅಂತ ಅವರ ತಕರಾರು. ಬೇರೆಯವರು, ಇಲ್ಲ, ಟೀವಿಯಲ್ಲಿ ನಮ್ಮ ಮಾತು ಆಡೋನು ಇವನೊಬ್ಬನೇ ಅಂದ್ರು. 1970ರ ದಶಕದ ನಡುವೆ ಅವನನ್ನ ಕಾರ್ಯಕ್ರಮದಿಂದ ಕೈಬಿಟ್ರು.

ಈ ಜಗಳ ನಮಗೆ ಹೊಸದೇನಲ್ಲ. ಸಿನಿಮಾ, ಸೀರಿಯಲ್‌ಗಳಲ್ಲಿ ನಮ್ಮ ಹಟ್ಟಿಯ ಮಾತು ಬರೋದು ಕಾಮಿಡಿಗೆ ಮಾತ್ರ. ಹಾಗಾಗಿ ಆ ತಂದೆತಾಯಿಗಳ ಸಿಟ್ಟು ನನಗೆ ಅರ್ಥ ಆಗುತ್ತೆ. ಆದರೆ ನನ್ನ ಅಭಿಪ್ರಾಯ ಹೇಳಲೇಬೇಕು ಅಂದ್ರೆ, ರೂಸ್ವೆಲ್ಟ್ ಇದ್ದದ್ದು ತಪ್ಪಲ್ಲ, ಒಬ್ಬನೇ ಇದ್ದದ್ದು ತಪ್ಪು. ಅಂಥವರು ಹತ್ತು ಗೊಂಬೆ ಇದ್ದಿದ್ರೆ ಒಬ್ಬ ಪುಂಡ, ಒಬ್ಬಳು ಜಾಣೆ, ಒಬ್ಬ ಸೋಮಾರಿ ಆಗಿರಬಹುದಿತ್ತು. ಒಬ್ಬನೇ ಇದ್ದಾಗ ಅವನ ತಲೆ ಮೇಲೆ ಇಡೀ ಜನಾಂಗದ ಮಾನ ಹೊರಿಸ್ತಾರೆ. ಆಫೀಸಿನಲ್ಲಿ, ಕಾಲೇಜಿನಲ್ಲಿ, ಸಂಪಾದಕೀಯ ಮಂಡಳಿಯಲ್ಲಿ 'ಒಬ್ಬರೇ' ಆಗಿರೋ ನಮ್ಮ ಎಷ್ಟೋ ಜನಕ್ಕೆ ಆ ಭಾರ ಗೊತ್ತು.

ಇನ್ನು ನಮ್ಮ ಕಡೆಗೆ ಬರೋಣ. ಕನ್ನಡದ ಮಕ್ಕಳಿಗೆಲ್ಲ ಬಾಯಿಪಾಠ ಇರೋ ಎಣಿಕೆ ಪದ್ಯದಲ್ಲಿ ಲೆಕ್ಕ ಶುರುವಾಗೋದು ಬಾಳೆ ಎಲೆಯಿಂದ, ಮುಗಿಯೋದೂ ಎಲೆಯಿಂದಲೇ. ಪದ್ಯ ಚೆನ್ನಾಗಿದೆ, ನಾಲಿಗೆಗೆ ಹಗುರ. ಅದನ್ನ ತೆಗೆದುಬಿಡಿ ಅಂತ ನಾನು ಹೇಳ್ತಿಲ್ಲ. ಆದ್ರೆ ಪಂಕ್ತಿಯಲ್ಲಿ ಕೂತವರು ಯಾರು, ಹೊರಗೆ ಕಾದವರು ಯಾರು, ಉಂಡ ಎಲೆ ಎತ್ತಿದವರು ಯಾರು ಅಂತ ನಮ್ಮ ಮಕ್ಕಳಿಗೆ ಮನೆಯಲ್ಲೇ ಗೊತ್ತಾಗಿರುತ್ತೆ. ಮುದ್ದೆ, ಉಪ್ಪೆಸ್ರು, ಬಾಡು ಇರೋ ಎಣಿಕೆ ಹಾಡೂ ಒಂದು ಇರಲಿ ಅಂತ ಕೇಳೋದು ಜಗಳವಲ್ಲ.

ಗೊಂಬೆಗಳಿಗೇನೂ ನಮ್ಮಲ್ಲಿ ಬರ ಇಲ್ಲ. ತೊಗಲು ಗೊಂಬೆ ಆಡಿಸೋರು ಸಿಳ್ಳೇಕ್ಯಾತರು, ಊರೂರು ತಿರುಗೋ ಅಲೆಮಾರಿಗಳು. ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ ವಯಸ್ಸು 90 ದಾಟಿತ್ತು. ಎಲ್ಲರೂ ಫೋಟೋ ಹಂಚಿಕೊಂಡೆವು. ಅದೇ ವರ್ಷ ಒಳಮೀಸಲಾತಿಗಾಗಿ ರಾಜ್ಯದ 101 ಪರಿಶಿಷ್ಟ ಜಾತಿಗಳ ಸಮೀಕ್ಷೆ ನಡೀತು. ನಾಗಮೋಹನ ದಾಸ್ ಆಯೋಗ 59 ಸಣ್ಣ ಸಮುದಾಯಗಳಿಗೆ ಪ್ರತ್ಯೇಕ ಶೇ 1 ಕೊಡಿ ಅಂತ ಶಿಫಾರಸು ಮಾಡಿತು. ಆಗಸ್ಟಿನ ಸಂಪುಟ ಸಭೆ 6, 6, 5 ಅಂತ ಹಂಚಿ ಆ ಶೇ 1ನ್ನು ದೊಡ್ಡ ಗುಂಪಿನೊಳಗೆ ಸೇರಿಸಿಬಿಟ್ಟಿತು. ಅಲೆಮಾರಿಗಳು ತಮ್ಮ ವಾದ್ಯ, ವೇಷಗಳ ಸಮೇತ ಬೀದಿಗೆ ಬಂದ್ರು. ಮನೆಗೆ ಬಂದು ಎಣಿಸಿಕೊಂಡು ಹೋಗೋದು ಒಂದು, ಎಣಿಕೆಗೆ ಬೆಲೆ ಕೊಡೋದು ಇನ್ನೊಂದು ಅಂತ ಆವತ್ತು ಅವರಿಗಿಂತ ಚೆನ್ನಾಗಿ ಯಾರೂ ಹೇಳಲಿಲ್ಲ.

ನಾವು ಕೆಲವರು ಸಂಜೆ ಹೊತ್ತು ನಮ್ಮ ಅಂಬೇಡ್ಕರ್ ಭವನದಲ್ಲಿ ಮಕ್ಕಳಿಗೆ ಪಾಠ ಮಾಡ್ತೀವಿ. ಹೋದ ತಿಂಗಳು ಫೋನಿನಲ್ಲಿ ರೂಸ್ವೆಲ್ಟ್ ಎಣಿಸೋ ಹಾಡು ಹಾಕಿದೆ. ಇಂಗ್ಲಿಷ್ ಅರ್ಧಂಬರ್ಧ ಗೊತ್ತಾಯ್ತು, ಲಯ ಮಾತ್ರ ಪೂರ್ತಿ ಗೊತ್ತಾಯ್ತು. ಎರಡನೇ ಸಲಕ್ಕೆ ಒಬ್ಬ ಹುಡುಗ ಮೂಲೆಯಲ್ಲಿದ್ದ ತಮಟೆ ಎತ್ಕೊಂಡ. ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು, "ಅಕ್ಕ, ನಮ್ ಕೇರೀನೇ ಎಣಿಸಾನ" ಅಂದಳು. ಅಲ್ಲೇ ಹಾಡು ಕಟ್ಟಿದ್ರು. ಬೋರ್‌ವೆಲ್ ಒಂದು, ಬೇವಿನ ಮರ ಎರಡು, ಉರಿಯೋ ಬೀದಿದೀಪ ಮೂರು. ಅಲ್ಲಿಗೆ ಬಂದಾಗ ಒಬ್ಬ ಕೈ ಎತ್ತಿ ಕೇಳಿದ: "ಕಂಬ ಒಂಬತ್ತವೆ, ಉರಿಯೋದು ಮೂರೇಯ. ಉಳಿದ ಆರು ಯಾಕಕ್ಕ ಉರಿಯಾಕಿಲ್ಲ?" ಮಾರನೇ ದಿನ ಆ ಮಕ್ಕಳೇ ದೊಡ್ಡಕ್ಷರದಲ್ಲಿ ಅರ್ಜಿ ಬರೆದು ಪಂಚಾಯ್ತಿಗೆ ಕೊಟ್ಟು ಬಂದ್ರು. ದೀಪ ಇನ್ನೂ ಬಂದಿಲ್ಲ. ಆದ್ರೆ ಆರು ಅನ್ನೋ ಸಂಖ್ಯೆಯನ್ನ ಇನ್ನು ಅವರಿಗೆ ಯಾರೂ ಮರೆಸೋಕೆ ಆಗಲ್ಲ.

ಅದಕ್ಕೇ ಗೆಳೆಯರಲ್ಲಿ ನನ್ನ ಕೋರಿಕೆ. ನಿಮ್ಮ ನಿಮ್ಮ ಕೇರಿಯಲ್ಲಿ, ಹಟ್ಟಿಯಲ್ಲಿ, ಹಾಸ್ಟೆಲ್‌ನಲ್ಲಿ ಮಕ್ಕಳ ಜೊತೆ ಕೂತು ಇಂಥ ಒಂದೊಂದು ಹಾಡು ಕಟ್ಟಿಸಿ. ಅವರದೇ ಮಾತು, ಅವರದೇ ತಮಟೆ. ಹಳೇ ಕಾಲುಚೀಲದಲ್ಲಿ ಗೊಂಬೆ ಮಾಡೋಕೆ ಖರ್ಚೇನಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ, ಎಲ್ಲ ಸೇರಿಸಿ ಒಂದು ಆಲ್ಬಂ ಮಾಡೋಣ. ಇವತ್ತು ಬೀದಿದೀಪ ಎಣಿಸಿದ ಮಕ್ಕಳು ನಾಳೆ ರೇಷನ್ ಅಕ್ಕಿಯ ತೂಕ ನೋಡ್ತಾರೆ, ಉದ್ಯೋಗ ಖಾತ್ರಿಯ ಹಾಜರಿ ದಿನ ಎಣಿಸ್ತಾರೆ. ಜನಸಂಖ್ಯೆಗೆ ತಕ್ಕಷ್ಟು ಹಣ ಇಡಬೇಕು ಅಂತ 2013ರಲ್ಲಿ ಕಾಯ್ದೆಯೇ ಆಗಿರೋ ಎಸ್‌ಸಿಎಸ್‌ಪಿ–ಟಿಎಸ್‌ಪಿ ದುಡ್ಡು ಎಲ್ಲಿಗೆ ಹೋಯ್ತು ಅಂತ ಕೂಡಿ ಕಳೆದು ಕೇಳ್ತಾರೆ. ಆಗ ಯಾವ ಕೌಂಟ್ ಕೈ ಬೀಸಿದ್ರೂ ಅವರು ಕಲ್ಲಾಗಿ ನಿಲ್ಲಲ್ಲ.

ಜೈ ಭೀಮ್.