ಆನೆ ಮತ್ತು ಬಚ್ಚಲುಮನೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಏಳನೆಯ ತರಗತಿಯಲ್ಲಿ ಒತ್ತಕ್ಷರ ತಪ್ಪಿ ತಪ್ಪಿ ನನ್ನಿಂದ ಬೈಸಿಕೊಳ್ಳುತ್ತಿದ್ದ ಹುಡುಗ, ಈಗ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಕಾಫಿ ಕುಡಿಯುತ್ತಾ, "ಟೀಚರ್, ನಮ್ಮಜ್ಜನ ಅಂಬಾಸಿಡರ್ ಕೊಟ್ಟಿಗೆಯಲ್ಲಿ ಹಾಗೇ ನಿಂತಿದೆ. ಅದಕ್ಕೊಂದು ದೊಡ್ಡ ಎಂಜಿನ್ ಕೂರಿಸ್ಬೇಕು ಅಂತ ಆಸೆ. ನಿಮ್ಮನೆ ಕಾರಿಗೂ ಹಾಗೇ ಮಾಡಿಸಿದ್ರಲ್ಲ, ಸರ್ ಇಲ್ವಾ?" ಎಂದ. ಸರ್ ತೋಟಕ್ಕೆ ಹೋಗಿದ್ದರು. "ಸರ್ ಯಾಕೋ, ನನ್ನನ್ನೇ ಕೇಳು" ಎಂದೆ. ಅವನಿಗೆ ನಗು ಬಂತು. ಕನ್ನಡ ಪಾಠ ಮಾಡುವವಳಿಗೆ ಎಂಜಿನ್ನಿನ ವಿಷಯ ಏನು ಗೊತ್ತು ಎಂಬ ನಗು ಅದು. ಅವನ ತಪ್ಪೇನೂ ಇಲ್ಲ. ಒಂದು ಕಾಲಕ್ಕೆ ನಾನೂ ಹಾಗೆಯೇ ಅಂದುಕೊಂಡಿದ್ದೆ.

ನಮ್ಮ ಮಾವನವರು ಅಂಬಾಸಿಡರ್ ಕೊಂಡದ್ದು 1982ರಲ್ಲಿ. ನಾನು 1991ರಲ್ಲಿ ಮದುವೆಯಾಗಿ ತೀರ್ಥಹಳ್ಳಿಗೆ ಬಂದದ್ದು ಅದರಲ್ಲೇ. ಕೇರಿಯವರೆಲ್ಲ ಅದನ್ನು "ಆನೆ" ಎಂದೇ ಕರೆಯುತ್ತಿದ್ದರು. ಮುಂದೆ ಬೆಂಚಿನಂಥ ಒಂದೇ ಉದ್ದ ಸೀಟು, ಗೇರು ಸ್ಟಿಯರಿಂಗಿನ ಪಕ್ಕದಲ್ಲಿ. ಮುಂದೆ ಮೂವರು, ಹಿಂದೆ ನಾಲ್ವರು, ಡಿಕ್ಕಿಯಲ್ಲಿ ಬಾಳೆಗೊನೆ. ಇಷ್ಟನ್ನೂ ಎಳೆಯಲು ಇದ್ದದ್ದು 1489 ಸಿ.ಸಿ.ಯ, ಸುಮಾರು 50 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಮಗಳು ಹುಟ್ಟಿದ ಮೇಲೆ ಮುಂದಿನ ಸೀಟಿನಲ್ಲಿ ನಮ್ಮಿಬ್ಬರ ನಡುವಿನ ಜಾಗ ಅವಳದಾಯಿತು.

1997ರ ಆಷಾಢದಲ್ಲಿ ಅತ್ತೆಯವರನ್ನು ಮಣಿಪಾಲದಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಹಿಂತಿರುಗುತ್ತಿದ್ದೆವು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಅರ್ಧ ಹತ್ತುವಷ್ಟರಲ್ಲಿ ಬಾನೆಟ್ಟಿನಿಂದ ಹೊಗೆಯಂತೆ ಆವಿ ಎದ್ದಿತು. ಹೊರಗೆ ಧಾರಾಕಾರ ಮಳೆ, ಒಳಗೆ ಕುದಿಯುವ ನೀರು. ನಮ್ಮವರು ಅವಸರದಲ್ಲಿ ರೇಡಿಯೇಟರಿನ ಮುಚ್ಚಳ ತಿರುಗಿಸಿ ಮುಂಗೈ ಸುಟ್ಟುಕೊಂಡರು. ಎರಡು ಗಂಟೆ ಅಲ್ಲೇ ಕೂತೆವು. ನನ್ನ ಸೀರೆಯ ಸೆರಗು ಹೊದ್ದು ನಡುಗುತ್ತಿದ್ದ ಅತ್ತೆ, "ನನ್ನಿಂದ ನಿಮಗೆಲ್ಲ ಎಷ್ಟು ತೊಂದರೆ" ಎಂದರು. ಆ ಮಾತು ಇವರ ಎದೆಗೆ ನಾಟಿತು. ಮನೆಗೆ ಬಂದವರೇ, "ಇದಕ್ಕೆ ಇಸುಜು ಎಂಜಿನ್ ಹಾಕಿಸ್ತೀನಿ" ಎಂದು ತೀರ್ಮಾನ ಕೊಟ್ಟರು.

ತೊಂಬತ್ತರ ದಶಕದಲ್ಲಿ ಕಂಪನಿಯೇ ಜಪಾನಿನ ಇಸುಜು ವಿನ್ಯಾಸದ 1817 ಸಿ.ಸಿ. ಎಂಜಿನ್ನನ್ನು ಅಂಬಾಸಿಡರಿಗೆ ಕೂರಿಸಿ ಮಾರುತ್ತಿತ್ತು. ಸುಮಾರು 75 ಅಶ್ವಶಕ್ತಿ, ಐದು ಗೇರು. ಹಳೆಯ ಕಾರಿಗೂ ಅದನ್ನು ಹೊಂದಿಸಬಹುದು ಎಂದು ಇವರಿಗೆ ಯಾರೋ ಹೇಳಿದ್ದರು. ಖರ್ಚು ನನ್ನ ಆರು ತಿಂಗಳ ಸಂಬಳದಷ್ಟು. ನಾನು ಜಿ.ಪಿ.ಎಫ್. ಸಾಲಕ್ಕೆ ಅರ್ಜಿ ಹಾಕಿದ್ದು ಬೇರೊಂದಕ್ಕೆ. ನಮ್ಮ ಹಳೆಯ ಮನೆಯಲ್ಲಿ ಬಚ್ಚಲು, ಪಾಯಿಖಾನೆ ಎರಡೂ ಹಿತ್ತಲಿನಲ್ಲಿದ್ದವು. ಮಳೆಗಾಲದ ರಾತ್ರಿ ಅತ್ತೆ ಟಾರ್ಚು ಹಿಡಿದು ಅಂಗಳ ದಾಟಬೇಕು. ಒಳಗೇ ಒಂದು ಬಚ್ಚಲುಮನೆ ಆಗಬೇಕೆಂಬುದು ನನ್ನ ಹಟ. "ವರ್ಷಕ್ಕೆ ನಾಲ್ಕು ಸಲ ಹತ್ತುವ ಘಾಟಿಗೆ ಎಂಜಿನ್ನೋ, ದಿನಕ್ಕೆ ನಾಲ್ಕು ಸಲ ಹೋಗುವ ಬಚ್ಚಲೋ?" ಎಂದು ಕೇಳಿದೆ. ಮೂರು ದಿನ ಮಾತಿಲ್ಲ.

ಕಾರನ್ನು ಶಿವಮೊಗ್ಗಕ್ಕೆ ಒಯ್ದರು, ನಾನೂ ಹೋದೆ. ಮೇಸ್ತ್ರಿ ವಯಸ್ಸಾದ ಸಾಹೇಬರು. ರೇಡಿಯೇಟರು ಬಿಚ್ಚಿ ತೋರಿಸಿದರು. ಒಳಗೆ ಅರ್ಧ ತುಕ್ಕು, ಅರ್ಧ ಕೆಸರು. "ಟೀಚರಮ್ಮ, ಘಾಟಿಯಲ್ಲಿ ನಿಂತದ್ದು ಎಂಜಿನ್ನಿನ ತಪ್ಪಲ್ಲ. ಹದಿನೈದು ವರ್ಷದಿಂದ ಇದನ್ನು ಯಾರೂ ತೊಳೆಸಿಲ್ಲ" ಎಂದರು. ನಾನು ಗೆದ್ದೆ ಎಂದುಕೊಂಡೆ. ಇವರು, "ಆದರೂ ಎಂಜಿನ್ ಹಾಕಿದರೆ?" ಎಂದರು. ಮೇಸ್ತ್ರಿ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಪಟ್ಟಿ ಬರೆದುಕೊಟ್ಟರು. ಅದರಲ್ಲಿ ಮೊದಲನೆಯದು ಬ್ರೇಕು, ಕೊನೆಯದು ಎಂಜಿನ್. ನಾನು ಆ ಹಾಳೆಯನ್ನು ಓದಲೇ ಇಲ್ಲ.

ಕಡೆಗೆ ರಾಜಿಯಾಯಿತು. ಸಾಲದ ದುಡ್ಡು ಅರ್ಧ ಬಚ್ಚಲಿಗೆ, ಅರ್ಧ ಕಾರಿಗೆ. ಮಿಕ್ಕದ್ದು ಅಡಿಕೆ ಮಾರಿದ ಹಣದಿಂದ. ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಎಂಜಿನ್, ಗೇರ್‌ಬಾಕ್ಸು ಬಂದವು. ಅದನ್ನು ಕೂರಿಸುವುದೆಂದರೆ ಒಂದನ್ನು ತೆಗೆದು ಇನ್ನೊಂದನ್ನು ಇಡುವಷ್ಟು ಸುಲಭವಲ್ಲ. ಹೊಸ ಮೌಂಟಿಂಗ್ ಮಾಡಿಸಬೇಕು, ಪ್ರೊಪೆಲ್ಲರ್ ಶಾಫ್ಟಿನ ಉದ್ದ ಸರಿಪಡಿಸಿ ತೂಗಿಸಬೇಕು, ಸೈಲೆನ್ಸರ್ ಪೈಪು ಬೇರೆ, ರೇಡಿಯೇಟರು ದೊಡ್ಡದು. ಮೂರು ವಾರದ ನಂತರ ಕಾರು ಮನೆಗೆ ಬಂದಾಗ ಮಗಳು ಬಾಗಿಲು ತೆರೆದು ಅತ್ತೇಬಿಟ್ಟಳು. ಅವಳ ಜಾಗದಲ್ಲಿ ನೆಲದಿಂದ ಗೇರು ಎದ್ದು ನಿಂತಿತ್ತು. ಅಂದಿನಿಂದ ಅವಳು ಹಿಂದಿನ ಸೀಟಿಗೆ, ಅಜ್ಜಿಯ ಪಕ್ಕಕ್ಕೆ.

1999ರ ಸಂಕ್ರಾಂತಿ ರಜೆಯಲ್ಲಿ ಮಲ್ಪೆಯ ಸಮುದ್ರ ನೋಡಲು ಹೊರಟೆವು. ಆಗುಂಬೆಯವರೆಗೆ ಆನೆ ಕುದುರೆಯಾಗಿತ್ತು. ಇವರ ಮುಖದಲ್ಲಿ ಹದಿನೆಂಟರ ಕಳೆ. ಘಾಟಿ ಇಳಿಯುವಾಗಲೂ ಅದೇ ಉಮೇದು. ಮೇಲಿನ ಗೇರಿನಲ್ಲೇ ಬ್ರೇಕು ಒತ್ತುತ್ತಾ ಇಳಿಸಿದರು. ನಾಲ್ಕೈದು ತಿರುವಾದ ಮೇಲೆ ಏನೋ ಸುಟ್ಟ ವಾಸನೆ ಬಂತು. ಇವರ ಕಾಲು ಒಮ್ಮೆಲೇ ಕೆಳಗೆ ಹೋದದ್ದನ್ನು ನಾನು ಕಂಡೆ. ಬ್ರೇಕು ಇರಲಿಲ್ಲ. ಎದುರಿನ ತಿರುವಿನಲ್ಲಿ ಒಂದು ಮಿನಿ ಬಸ್ಸು. ಇವರು ಹೇಗೋ ಎರಡನೆಯ ಗೇರಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಬೆಟ್ಟದ ಕಡೆಯ ಚರಂಡಿಗೆ ಕಾರನ್ನು ಉಜ್ಜಿಸಿದರು. ಕಾರು ನಿಂತಿತು. ಹಿಂದಿನಿಂದ ಮಗಳು, "ಅಪ್ಪಾ, ಸಮುದ್ರ ಬಂತಾ?" ಎಂದು ಕೇಳಿದಳು.

ಆಗಿನ ಅಂಬಾಸಿಡರಿಗೆ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಎಡೆಬಿಡದೆ ಒತ್ತಿದರೆ ಡ್ರಮ್ಮು ಕಾದು ಲೈನಿಂಗಿನ ಹಿಡಿತ ಹೋಗುತ್ತದೆ. ಬ್ರೇಕ್ ಆಯಿಲ್ ಹಳೆಯದಾಗಿ ನೀರಿನಂಶ ಹೀರಿಕೊಂಡಿದ್ದರೆ ಅದು ಕುದಿದು ಗುಳ್ಳೆಯೇಳುತ್ತದೆ, ಪೆಡಲು ನೆಲಕ್ಕೆ ಹೋಗುತ್ತದೆ. ಇವೆಲ್ಲ ನನಗೆ ಆಮೇಲೆ ತಿಳಿದದ್ದು. ಅಂದು ಕಟ್ಟೆಯ ಮೇಲೆ ಕೂತು ನಾನು ಕೇಳಿದ್ದು ಒಂದೇ ಮಾತು: "ಮೇಸ್ತ್ರಿ ಬ್ರೇಕು ಮಾಡ್ಲಿಲ್ವಾ?"

ಇವರು ಬಹಳ ಹೊತ್ತು ಸುಮ್ಮನಿದ್ದರು. "ನಾನೇ ಬೇಡ ಅಂದೆ. ಮುಂದಿನ ತಿಂಗಳು ಮಾಡಿಸೋಣ ಅಂತಿದ್ದೆ. ಬಚ್ಚಲಿಗೆ ಟೈಲ್ಸ್ ಹಾಕಿಸದಿದ್ರೆ ಅಮ್ಮ ಜಾರ್ತಾರೆ ಅಂದ್ಯಲ್ಲ, ದುಡ್ಡು ಅಲ್ಲಿಗೆ ಹೋಯ್ತು."

ನನಗೆ ಸಿಟ್ಟು ಬಂತು, ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯಲಿಲ್ಲ. ಅವರು ಹೇಳಲಿಲ್ಲ, ನಿಜ. ಆದರೆ ಕಾರಿನ ಮಾತು ತೆಗೆದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತಿದ್ದೆನಲ್ಲ? ಸಾಸಿವೆ, ಜೀರಿಗೆಯ ಲೆಕ್ಕವನ್ನೂ ಬರೆದಿಡುವ ನಾನು, ಮಗಳನ್ನು ಕೂರಿಸುವ ಗಾಡಿಯ ಲೆಕ್ಕದ ಹಾಳೆಯನ್ನು ಮಾತ್ರ ಓದಲಿಲ್ಲ. ಅದು ಗಂಡಸರ ಆಟ ಎಂದು ದೂರವಿಟ್ಟೆ.

ಮರುವಾರವೇ ನನ್ನ ಎರಡು ಬಳೆ ಅಡವಿಟ್ಟು ಬ್ರೇಕು ಮಾಡಿಸಿದೆವು. ಲೈನಿಂಗ್, ಮಾಸ್ಟರ್ ಸಿಲಿಂಡರಿನ ರಬ್ಬರುಗಳು, ಹೊಸ ಆಯಿಲ್, ಟೈರು. ಮೇಸ್ತ್ರಿಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಎಲ್ಲವನ್ನೂ ಕೇಳಿದೆ. ಅವರು ಬೇಸರಿಸದೆ ಹೇಳಿದರು: "ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು, ಅಮ್ಮಾ." ಈ ಒಂದು ಮಾತನ್ನು ಆಮೇಲೆ ಎಷ್ಟೋ ಮಕ್ಕಳಿಗೆ, ಎಷ್ಟೋ ಬೇರೆ ಸಂದರ್ಭಗಳಲ್ಲಿ ಹೇಳಿದ್ದೇನೆ.

ಆ ಹುಡುಗನಿಗೆ ಇದನ್ನೆಲ್ಲ ಹೇಳಿ ಕಾಗದ, ಪೆನ್ನು ಕೊಟ್ಟೆ. ಮೊದಲು ಬ್ರೇಕು, ಆಮೇಲೆ ಟೈರು, ಸ್ಟಿಯರಿಂಗಿನ ಜಾಯಿಂಟುಗಳು, ರೇಡಿಯೇಟರು. ಇಷ್ಟಾದ ಮೇಲೆ ಹಳೆಯ ಎಂಜಿನ್ನನ್ನೇ ಒಮ್ಮೆ ಸರಿಮಾಡಿಸಿ ಓಡಿಸಿ ನೋಡು; ಅದು ಸಾಲದಿದ್ದರೆ ಹೊಸದು. ಅದಕ್ಕೂ ಮುಂಚೆ ಆರ್.ಟಿ.ಓ. ಕಚೇರಿಯಲ್ಲಿ ಕೇಳು, 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಈಗ ಮೊದಲಿಗಿಂತ ಬಿಗಿಯಾಗಿದೆ. ಎಂಜಿನ್ ನಂಬರು ಆರ್.ಸಿ.ಯಲ್ಲಿ ಬದಲಾಗದಿದ್ದರೆ ನಾಳೆ ವಿಮೆಯವರೂ ಕೈಯೆತ್ತುತ್ತಾರೆ. ಅವನು ಎಲ್ಲವನ್ನೂ ಬರೆದುಕೊಂಡ. ಒತ್ತಕ್ಷರ ಎರಡು ಕಡೆ ತಪ್ಪಿತ್ತು, ತಿದ್ದಿದೆ.

ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಅತ್ತೆ ಅದಕ್ಕೂ ಮುಂಚೆಯೇ ಹೋದರು. ಕೊನೆಯವರೆಗೂ ಆ ಬಚ್ಚಲಿನಲ್ಲಿ ಒಂದು ದಿನವೂ ಜಾರಲಿಲ್ಲ. ಆನೆ ಇನ್ನೂ ನಮ್ಮ ಶೆಡ್ಡಿನಲ್ಲಿದೆ. ಭಾನುವಾರ ಬೆಳಿಗ್ಗೆ ನಮ್ಮವರು ಅದನ್ನು ಚಾಲೂ ಮಾಡುತ್ತಾರೆ. ಕೀಲಿ ತಿರುಗಿಸುವ ಮುನ್ನ ಎರಡು ಸಲ ಬ್ರೇಕು ಒತ್ತಿ ನೋಡಿ, ಅಡುಗೆಮನೆಯ ಕಿಟಕಿಯತ್ತ ತಿರುಗಿ ತಲೆಯಾಡಿಸುತ್ತಾರೆ. ನಾನು ಒಲೆ ಸಣ್ಣ ಮಾಡಿ ಕಿಟಕಿಗೆ ಬಂದು ನಿಲ್ಲುತ್ತೇನೆ.