ಹರಿಗೋಲೂ ಗಾಳಿದೋಣಿಯೂ

ತುಂಗಭದ್ರೆಯು ಹೊಸಪೇಟೆಯ ಸೀಮೆಯನ್ನು ದಾಟಿ ಹಂಪೆ ಆನೆಗೊಂದಿಗಳ ನಡುವೆ ಹರಿಯುವ ಎಡೆಯಲ್ಲಿ ಅದರ ನಡೆ ಬಯಲುಸೀಮೆಯ ಬೇರೆ ಹೊಳೆಗಳ ನಡೆಯಂತಲ್ಲ. ಎರಡು ದಡಗಳಲ್ಲಿಯೂ ಬಂಡೆಯ ಮೇಲೆ ಬಂಡೆಯನ್ನು ಪೇರಿಸಿಟ್ಟಂತಹ ಗುಡ್ಡಗಳು. ಪಾತ್ರದ ನಡುವೆಯೂ ಅವುಗಳ ಮರಿಗಳಂತೆ ಎದ್ದುನಿಂತ ಕಲ್ಲುಗಳು. ನೀರು ಒಂದೆಡೆ ಆಳವಾದ ಮಡುವಾಗಿ ನಿಂತಿರುವುದು. ಅದರ ಮಗ್ಗುಲಲ್ಲಿಯೇ ಮೊಳಕಾಲುದ್ದವಾಗಿ ಹರಿಯುವುದು. ಮತ್ತೊಂದೆಡೆ ಕಲ್ಲಿನ ಸಂದುಗಳಲ್ಲಿ ನುಗ್ಗಿ ನೊರೆಗಟ್ಟುವುದು. ಅಡಿ ಚೂಪಾದ ಮರದ ದೋಣಿಗೆ ಇಲ್ಲಿ ಹಾದಿಯಿಲ್ಲ. ಆದುದರಿಂದಲೇ ಇಲ್ಲಿಯ ಜನರು ಬಹುಕಾಲದಿಂದ ಹರಿಗೋಲನ್ನು ನಂಬಿ ಬಾಳಿದ್ದಾರೆ.

ಹರಿಗೋಲನ್ನು ಕಾಣದ ವಾಚಕರು ಕಡಿಮೆ. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ದುಂಡಗೆ ಹೆಣೆದು, ಹೊರಮೈಗೆ ಹಿಂದಿನ ಕಾಲದಲ್ಲಿ ತೊಗಲನ್ನೂ ಈಗ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿ ಡಾಂಬರು ಬಳಿದರೆ ಅದು ಸಿದ್ಧವಾಯಿತು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು ೧೫೨೦ರಲ್ಲಿ, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಈ ಬುಟ್ಟಿದೋಣಿಗಳನ್ನು ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಮಂದಿಯನ್ನು ಅವು ಹೊರುತ್ತಿದ್ದುವೆಂದೂ, ನೇರವಾಗಿ ಸಾಗಲಾರದೆ ಸುತ್ತುತ್ತಲೇ ಇರುತ್ತಿದ್ದುವೆಂದೂ ಅವನ ವರ್ಣನೆಯಿಂದ ತಿಳಿಯುತ್ತದೆ. ಅವನಿಗಿಂತ ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕರ ಹೆರೊಡೋಟಸನು ಬಾಬಿಲೋನಿನ ನದಿಯಲ್ಲಿಯೂ ಇಂತಹವೇ ತೊಗಲಿನ ದುಂಡುದೋಣಿಗಳನ್ನು ಕಂಡು ಹೇಳಿದ್ದಾನೆ. ಅಲ್ಲಿಯ ವರ್ತಕರು ದೋಣಿಯಲ್ಲಿ ಒಂದು ಕತ್ತೆಯನ್ನೂ ಏರಿಸಿಕೊಂಡು ಹೊಳೆಯ ಜೊತೆಯಲ್ಲಿ ಇಳಿದುಬಂದು, ಸರಕನ್ನು ಮಾರಿ, ದೋಣಿಯನ್ನು ಬಿಚ್ಚಿ, ತೊಗಲನ್ನು ಕತ್ತೆಯ ಬೆನ್ನಿಗೇರಿಸಿ ನೆಲದ ಮೇಲೆ ಊರಿಗೆ ಮರಳುತ್ತಿದ್ದರಂತೆ. ನಮ್ಮನ್ನು ಹೊರುವ ದೋಣಿಯನ್ನು ನಾವೂ ಹೊರುವಂತಿರಬೇಕೆಂಬ ಆಸೆ ಅಷ್ಟು ಹಳೆಯದು.

ಆ ಆಸೆಯ ಹೊಸ ರೂಪವೇ ಗಾಳಿ ತುಂಬುವ ಕಯಾಕ್. ಕಯಾಕ್ ಎಂಬುದು ಉತ್ತರಧ್ರುವದ ಸೀಮೆಯ ಇನ್ಯೂಯಿಟ್ ಜನರ ಬೇಟೆಯ ದೋಣಿ; ಮರದ ಅಥವಾ ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ತೊಗಲನ್ನು ಬಿಗಿದು ಮಾಡಿದುದು. ಗಾಳಿಯ ಕಥೆ ಬೇರೆ. ನಿಮ್ರೂದಿನ ಅರಮನೆಯಿಂದ ತಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಇರಿಸಿರುವ, ಕ್ರಿಸ್ತಪೂರ್ವ ಒಂಬತ್ತನೆಯ ಶತಮಾನದ ಶಿಲ್ಪವೊಂದರಲ್ಲಿ ಯೋಧರು ಗಾಳಿ ಊದಿದ ತೊಗಲಿನ ಚೀಲಗಳನ್ನು ಅಪ್ಪಿಕೊಂಡು ಹೊಳೆಯನ್ನು ಈಜುತ್ತಿದ್ದಾರೆ. ೧೮೪೦ರ ದಶಕದಲ್ಲಿ ಇಂಗ್ಲೆಂಡಿನ ನೌಕಾದಳದ ಪೀಟರ್ ಹಾಲ್ಕೆಟ್ಟನು ರಬ್ಬರು ಬಟ್ಟೆಯ ಒಂದು ಮೇಲಂಗಿಯನ್ನೇ ಊದಿ ದೋಣಿಯಾಗಿ ಮಾಡುವ ಉಪಾಯವನ್ನು ಕಂಡುಹಿಡಿದನು. ಊರುಗೋಲು ಅದಕ್ಕೆ ಹುಟ್ಟು, ಕೊಡೆಯೇ ಹಾಯಿ. ಈಗ ಅಂಗಡಿಗಳಲ್ಲಿ ಚೀಲದೊಳಗೆ ಮಡಿಸಿಟ್ಟು ಮಾರುವ ದೋಣಿಗಳು ಈ ಎರಡು ವಂಶಗಳೂ ಕೂಡಿ ಹುಟ್ಟಿದುವು. ಪಟ್ಟಣದ ಮನೆಯಲ್ಲಿ ಅಟ್ಟದ ಮೇಲೆ ಇಟ್ಟು, ರಜೆಯ ದಿನ ಕಾರಿನ ಹಿಂದೆ ಹಾಕಿಕೊಂಡು ಹೋಗಿ ಗಾಳ ಹಾಕಬಹುದೆಂಬ ಅನುಕೂಲಕ್ಕಾಗಿ ಅನೇಕ ಗೃಹಸ್ಥರು ಇವನ್ನು ಕೊಳ್ಳುತ್ತಿದ್ದಾರೆ. ಕೊಳ್ಳುವಾಗ ಏನನ್ನು ನೋಡಬೇಕೆಂಬುದು ಮಾತ್ರ ಹಲವರಿಗೆ ತಿಳಿಯದು.

ನಾವು ಆನೆಗೊಂದಿಯ ದಡದಲ್ಲಿ ಮಾಘಮಾಸದ ಕೆಲವು ಬೆಳಗುಗಳನ್ನು ಕಳೆದೆವು. ನಮ್ಮ ಜೊತೆಯ ಮಿತ್ರರೊಬ್ಬರು ಇಂತಹ ಗಾಳಿದೋಣಿಯೊಂದನ್ನು ತಂದಿದ್ದರು. ಅವರು ಬಂಡೆಯ ಮೇಲೆ ಕುಳಿತು ಅದಕ್ಕೆ ಗಾಳಿ ತುಂಬುತ್ತಿರುವಾಗ, ರಾತ್ರಿ ಹಾಕಿದ ಬಲೆಯನ್ನು ಎತ್ತಿಕೊಂಡು ಬಂದ ಮುದುಕ ಅಂಬಿಗನೊಬ್ಬನು ತನ್ನ ಹರಿಗೋಲನ್ನು ಬೆನ್ನಿನ ಮೇಲೆ ಹೊತ್ತು ದಡವನ್ನೇರಿದನು. ಆಮೆ ತನ್ನ ಚಿಪ್ಪನ್ನು ಹೊತ್ತು ಬಂದಂತಿತ್ತು. ಅದನ್ನು ಕವುಚಿಹಾಕಿ, ನಮ್ಮ ದೋಣಿಯ ಮೈಯನ್ನು ಅಂಗೈಯಿಂದ ತಟ್ಟಿ ನೋಡಿದನು.

“ಹೊರಾಕ ಹಗುರ ಐತ್ರೀ ಸಾಹೇಬ್ರ, ಖರೆ,” ಎಂದನು. “ಕಲ್ಲಿಗೆ ತಾಗಿದ್ರ ಏನ್ ಮಾಡ್ತೀರಿ? ಗಾಳಿ ಎದ್ರ ನಿಲ್ತೈತೇನ್ರೀ? ಮ್ಯಾಲಿಂದ ನೀರು ಬಿಟ್ರ ಎಷ್ಟೊತ್ತಿಗೆ ದಂಡಿ ಮುಟ್ತೀರಿ?”

“ಯಜಮಾನ್ರೇ, ಇದನ್ನೆಲ್ಲ ಅಂಗಡಿಯವರು ಹೇಳಲಿಲ್ಲ,” ಎಂದು ನಮ್ಮ ಮಿತ್ರರು ನಕ್ಕರು.

“ಅವರಿಗೇನ್ರೀ, ಅವರು ಅಂಗಡ್ಯಾಗ ಕುಂತಿರ್ತಾರ,” ಎಂದು ಅವನು ಬಲೆಯಿಂದ ಮೀನು ಬಿಡಿಸತೊಡಗಿದನು.

ಈ ಮೂರು ಪ್ರಶ್ನೆಗಳನ್ನು ಹಿಡಿದು ಹೊರಟರೆ ದೋಣಿಯ ಆಯ್ಕೆಯು ಬಹುಮಟ್ಟಿಗೆ ತಾನಾಗಿ ಆಗುವುದೆಂದು ನಮಗೆ ತೋರಿತು.

ಮೊದಲನೆಯದು ಕಲ್ಲು. ಹರಿಗೋಲಿನ ಬಿದಿರು ಬಂಡೆಗೆ ತಾಗಿದರೆ ಬಳುಕಿ ಜಾರುವುದು. ಹೊದಿಕೆ ಹರಿದರೆ ದಡದಲ್ಲಿಯೇ ತೇಪೆ ಹಾಕಿ ಡಾಂಬರು ಬಳಿಯಬಹುದು. ಗಾಳಿದೋಣಿಯಲ್ಲಿಯೂ ಈ ಎರಡು ಗುಣಗಳನ್ನೇ ಅರಸಬೇಕು. ಮಕ್ಕಳು ಈಜುಕೊಳದಲ್ಲಿ ಆಡುವ ಬರಿಯ ಪ್ಲಾಸ್ಟಿಕ್ಕಿನ ದೋಣಿ ಹೊಳೆಗೆ ಸಲ್ಲದು. ಒಳಗೆ ಗಟ್ಟಿಯಾದ ನೂಲುಬಟ್ಟೆಯಿದ್ದು, ಅದರ ಎರಡು ಮೈಗೂ ಪಿ.ವಿ.ಸಿ.ಯನ್ನೋ ಅದರಂತಹ ಬೇರೆ ಲೇಪವನ್ನೋ ಕೊಟ್ಟಿರಬೇಕು. ತಳದಲ್ಲಿ ಇನ್ನೊಂದು ಪದರವಿದ್ದರೆ ಮತ್ತೂ ಲೇಸು. ಗಾಳಿಯ ಕೋಣೆಗಳು ಎರಡು ಪಕ್ಕಕ್ಕೆ ಎರಡು, ತಳಕ್ಕೆ ಒಂದು, ಹೀಗೆ ಕಡಮೆಯೆಂದರೆ ಮೂರು ಬೇರೆ ಬೇರೆಯಾಗಿರಬೇಕು. ಒಂದು ತೂತಾದರೂ ಮಿಕ್ಕವು ಆಳನ್ನು ತೇಲಿಸಿ ತರುವುವು. ದೋಣಿಯ ಜೊತೆಯಲ್ಲಿ ಬರುವ ತೇಪೆಯನ್ನೂ ಅಂಟನ್ನೂ ಮನೆಯಲ್ಲಿಯೇ ಬಿಟ್ಟುಬರಬಾರದು. ಬೈಸಿಕಲ್ಲಿನ ಪಂಕ್ಚರ್ ಅಂಟು ರಬ್ಬರಿಗೆ ಹಿಡಿಯುವಂತೆ ಪಿ.ವಿ.ಸಿ.ಗೆ ಹಿಡಿಯದು.

ಕಲ್ಲಿನ ಜೊತೆಗೆ ಬಿಸಿಲನ್ನೂ ನೆನೆಯಬೇಕು. ಕಾದ ಬಂಡೆಯ ಮೇಲೆ ಬಿಗಿಯಾಗಿ ಊದಿದ ದೋಣಿಯನ್ನು ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಬಿಡಬಹುದು. ದಡಕ್ಕೆ ಎಳೆದೊಡನೆ ಸ್ವಲ್ಪ ಗಾಳಿಯನ್ನು ಬಿಡುವುದೂ, ತಣ್ಣೀರಿಗೆ ಇಳಿಸಿದ ಮೇಲೆ ಸಡಿಲವಾದುದನ್ನು ನೋಡಿ ಮತ್ತೆ ಊದುವುದೂ ವಾಡಿಕೆಯಾಗಬೇಕು.

ಎರಡನೆಯದು ಗಾಳಿ. ಹೊಳೆಯ ಬಂಡೆಗಳ ಮರೆಯಲ್ಲಿ ಇದರ ಬಾಧೆ ಅಷ್ಟಾಗಿ ತಿಳಿಯದು. ಮೇಲಣ ಜಲಾಶಯದ ಬಯಲು ನೀರಿಗೆ ಹೋದರೆ ತಿಳಿಯುವುದು. ಗಾಳಿದೋಣಿ ಹಗುರ, ನೀರಿನೊಳಗೆ ಮುಳುಗುವ ಭಾಗ ಕೊಂಚ, ಮೇಲೆ ಎದ್ದ ಪಕ್ಕಗಳೇ ಹೆಚ್ಚು. ಆದುದರಿಂದ ಗಾಳಿ ಅದನ್ನು ತರಗೆಲೆಯಂತೆ ತಳ್ಳಿಕೊಂಡು ಹೋಗುವುದು. ಉದ್ದವಾಗಿ ಕಿರಿದಾದ ದೋಣಿ ನೇರವಾಗಿ ಸಾಗುವುದು, ಅಗಲವಾದುದು ಅಲುಗದೆ ನಿಲ್ಲುವುದು. ಗಾಳ ಹಾಕುವವನಿಗೆ ಎರಡೂ ಬೇಕಾದುದರಿಂದ ಒಬ್ಬರಿಗೆ ಹತ್ತರಿಂದ ಹನ್ನೆರಡು ಅಡಿ ಉದ್ದ, ಸುಮಾರು ಮೂರಡಿ ಅಗಲವೆಂಬುದು ಒಳ್ಳೆಯ ಹದ. ಹಿಂಬದಿಯ ತಳದಲ್ಲಿ ಮೀನಿನ ರೆಕ್ಕೆಯಂತಹ ಹಲಗೆಯೊಂದಿದ್ದರೆ ದೋಣಿ ಸುತ್ತದೆ ನೇರ ನಡೆಯುವುದು. ಆದರೆ ಅದೇ ರೆಕ್ಕೆ ತೆಳುನೀರಿನಲ್ಲಿ ಕಲ್ಲಿಗೆ ಸಿಕ್ಕುವುದರಿಂದ, ಬೇಕೆಂದಾಗ ಕಳಚುವಂತಿರಬೇಕು.

ತಳವು ಬಿಗಿಯಾಗಿರುವುದೂ ಮುಖ್ಯ. ಮೆತ್ತಗಿನ ತಳ ನಡುವೆ ಬಾಗಿ ನೀರನ್ನು ತಡೆಯುವುದು. ಮೇಲಿನ ಬಟ್ಟೆಯನ್ನೂ ಕೆಳಗಿನ ಬಟ್ಟೆಯನ್ನೂ ಒಳಗಡೆ ಸಾವಿರಾರು ನೂಲೆಳೆಗಳಿಂದ ಜೋಡಿಸಿದ ತಳವೊಂದುಂಟು. ಡ್ರಾಪ್ ಸ್ಟಿಚ್ ಎಂದು ಅದರ ಹೆಸರು. ಸಾಧಾರಣ ಕೊಳವೆಗೆ ಚದರಂಗುಲಕ್ಕೆ ಎರಡು ಮೂರು ಪೌಂಡಿನ ಒತ್ತಡ ಸಾಕಾದರೆ ಇದು ಎಂಟು ಹತ್ತು ಪೌಂಡನ್ನು ತಾಳಿ ಹಲಗೆಯಂತೆ ಬಿಗಿಯುವುದು. ಬೆಲೆ ಹೆಚ್ಚು, ತೂಕವೂ ತುಸು ಹೆಚ್ಚು. ಆದರೂ ಬಯಲು ನೀರಿಗೆ ಹೋಗುವವರು ಇದಕ್ಕೆ ಹಣ ಕೊಡುವುದು ದುಂದಲ್ಲ. ಒತ್ತಡವನ್ನು ತೋರಿಸುವ ಮುಳ್ಳುಳ್ಳ ಪಂಪು ಜೊತೆಗಿರಲಿ.

ಗಾಳದವರು ತಾವೇ ಕೇಳಿಕೊಳ್ಳಬೇಕಾದ ಕೆಲವು ಮಾತುಗಳೂ ಉಂಟು. ಎತ್ತರದ ಆಸನ ಬೆನ್ನಿಗೆ ಹಿತ. ಆದರೆ ಆಳು ಎಷ್ಟು ಮೇಲೆ ಕುಳಿತರೆ ದೋಣಿ ಅಷ್ಟು ಬೇಗ ಮಗುಚುವುದು. ಕೊಕ್ಕೆಗಳನ್ನು ಮುಚ್ಚಳವುಳ್ಳ ಡಬ್ಬಿಯಲ್ಲಿಡಬೇಕು. ಮೀಸೆಯುಳ್ಳ ಮೀನುಗಳ ರೆಕ್ಕೆಯ ಮುಳ್ಳು ಕೈಯನ್ನು ಚುಚ್ಚುವಂತೆ ದೋಣಿಯನ್ನೂ ಚುಚ್ಚುವುದರಿಂದ ಹಿಡಿದ ಮೀನಿಗೆ ಗಟ್ಟಿಯಾದ ಬುಟ್ಟಿ ಬೇಕು. ದೋಣಿಯ ಮೇಲೆ ಬರೆದಿರುವ ಭಾರದ ಮಿತಿಯಲ್ಲಿ ಮೂರರಲ್ಲೆರಡು ಪಾಲಿಗಿಂತ ಹೆಚ್ಚು ಹೇರದಿರುವುದು ಕ್ಷೇಮ. ಹರಿಯುವ ನೀರಿನಲ್ಲಿ ಲಂಗರನ್ನು ಪಕ್ಕಕ್ಕಾಗಲಿ ಹಿಂಬದಿಗಾಗಲಿ ಕಟ್ಟಲೇಬಾರದು. ಸೆಳವು ದೋಣಿಯನ್ನು ಒಂದು ಗಳಿಗೆಯಲ್ಲಿ ಮಗುಚಿಬಿಡುವುದು. ಕಟ್ಟಲೇಬೇಕಾದರೆ ಮುಂಬದಿಗೆ ಕಟ್ಟಿ, ಹಗ್ಗವನ್ನು ಕತ್ತರಿಸಲು ಚೂರಿಯನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳಬೇಕು.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಈ ಹೊಳೆಗೆ ೧೯೫೩ರಲ್ಲಿ ಅಣೆಕಟ್ಟಿನಿಂದ ನೀರು ನಿಂತ ಮೇಲೆ, ಕೆಳಗಣ ಪಾತ್ರದ ಏರಿಳಿತವು ಮಳೆಯೊಂದನ್ನೇ ಅನುಸರಿಸುವುದಿಲ್ಲ. ಮೂವತ್ತಮೂರು ಬಾಗಿಲುಗಳನ್ನೂ ಅನುಸರಿಸುವುದು. ೨೦೨೪ರ ಆಗಸ್ಟ್ ೧೦ರ ರಾತ್ರಿ ಹತ್ತೊಂಬತ್ತನೆಯ ಬಾಗಿಲಿನ ಸರಪಣಿ ತುಂಡಾಗಿ ಬಾಗಿಲೇ ಕೊಚ್ಚಿಹೋದುದನ್ನು ವಾಚಕರು ಮರೆತಿರಲಾರರು. ಆಕಾಶ ನಿರ್ಮಲವಾಗಿದ್ದರೂ ಹೊಳೆ ಏರಬಹುದೆಂಬುದನ್ನು ದಡದ ಅಂಬಿಗರು ಚೆನ್ನಾಗಿ ಬಲ್ಲರು. ಬಂಡೆಯ ಮೇಲಿನ ನೀರಿನ ಗೆರೆಯನ್ನು ಆಗಾಗ ನೋಡುತ್ತಲೇ ಅವರು ಬಲೆ ಬಿಡುವರು. ಮೊಸಳೆಗಳಿರುವ ಮಡುಗಳನ್ನೂ ಅವರೇ ಬಲ್ಲರು. ಆದುದರಿಂದ ನೀರಿಗಿಳಿಯುವ ಮುನ್ನ ಅವರನ್ನು ಕೇಳುವುದು ಮೊದಲ ಕೆಲಸ. ತೇಲಂಗಿಯನ್ನು ಆಸನದ ಕೆಳಗೆ ಮಡಿಸಿಡದೆ ಮೈಮೇಲೆ ತೊಟ್ಟು ಬಿಗಿದಿರಬೇಕು. ಸೆಳವಿಗೆ ಎದುರಾಗಿ ಹುಟ್ಟುಹಾಕಿ ಬರುವ ಶಕ್ತಿಯಿರುವಷ್ಟು ದೂರ ಮಾತ್ರ ಇಳಿದುಹೋಗಬೇಕು.

ಇನ್ನೊಂದು ಮಾತನ್ನು ಹೇಳದೆ ಬಿಡಲಾಗದು. ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿಯ ಸೇತುವೆಯವರೆಗಿನ ಸುಮಾರು ೩೪ ಕಿಲೋಮೀಟರ್ ಹೊಳೆಯನ್ನು ೨೦೧೫ರಲ್ಲಿ ನೀರುನಾಯಿಗಳ ಸಂರಕ್ಷಣೆಗಾಗಿ ಕಾದಿರಿಸಲಾಗಿದೆ. ಇಲ್ಲಿ ಗಾಳ ಹಾಕಬೇಕೆನ್ನುವವರು ಅರಣ್ಯ ಇಲಾಖೆಯನ್ನೂ ಮೀನುಗಾರಿಕೆ ಇಲಾಖೆಯನ್ನೂ ಮೊದಲೇ ವಿಚಾರಿಸಿ, ಅಪ್ಪಣೆಯಿಲ್ಲದಿದ್ದರೆ ಬೇರೆ ಕೆರೆಯನ್ನು ನೋಡಿಕೊಳ್ಳತಕ್ಕದ್ದು. ನಮಗೆ ಮೀನು ಹಿಡಿಯುವುದು ಒಂದು ದಿನದ ವಿನೋದ. ಬಲೆ ಬಿಟ್ಟವನಿಗೆ ಅದು ಮನೆಯ ಒಲೆ ಉರಿಯುವ ದಾರಿ. ಅವನ ಬಲೆಯ ಮೇಲೆ ದೋಣಿಯನ್ನು ಹಾಯಿಸುವುದೂ, ಅವನು ಕಾದಿಟ್ಟ ಮಡುವಿನಲ್ಲಿ ಗದ್ದಲವೆಬ್ಬಿಸುವುದೂ ಸಜ್ಜನರಿಗೆ ಒಪ್ಪದು.

ಹೊಸ ದೋಣಿಯನ್ನು ಕೊಂಡವರು ಮೊದಲ ದಿನ ಗಾಳವನ್ನು ಮನೆಯಲ್ಲಿಯೇ ಬಿಟ್ಟು, ಈಜು ಬಲ್ಲವರೊಬ್ಬರ ಜೊತೆಯಲ್ಲಿ, ಎದೆಯುದ್ದದ ನಿಂತ ನೀರಿಗೆ ಹೋಗಲಿ. ಅಲ್ಲಿ ಬೇಕೆಂದೇ ದೋಣಿಯನ್ನು ಮಗುಚಿ, ತಿರುಗಿ ಅದನ್ನು ಏರುವುದನ್ನು ಹತ್ತು ಸಲ ಅಭ್ಯಾಸಮಾಡಲಿ. ಒಂದು ಕೋಣೆಯ ಗಾಳಿಯನ್ನು ಬಿಟ್ಟು, ಮಿಕ್ಕವುಗಳ ಆಧಾರದಿಂದ ದಡಕ್ಕೆ ಬರಲಾಗುವುದೇ ಎಂದು ನೋಡಲಿ. ಆಮೇಲೆ ಹೊಳೆಗೆ ಹೋಗುವ ದಿನ, ಯಾವ ಘಟ್ಟದಲ್ಲಿ ಇಳಿಯುವರು, ಎಷ್ಟು ಹೊತ್ತಿಗೆ ಮರಳುವರು ಎಂಬುದನ್ನು ಮನೆಯವರಿಗೆ ಹೇಳಿ ಹೊರಡಲಿ. ಹೇಳಿದ ಹೊತ್ತಿಗೆ, ಮೀನು ಸಿಕ್ಕಿದರೂ ಸಿಕ್ಕದಿದ್ದರೂ, ಹಿಂದಿರುಗಲಿ.